ಬಿಳಿ ಉಳಿದಿದ್ದ ಮೂಲೆ

ದೇವರ ಮುಂದೆ ಕುಳಿತೇ ಇದನ್ನು ಬರೆಯುತ್ತಿದ್ದೇನೆ. ಸುಳ್ಳು ಹೇಳಿ ಗಿಟ್ಟಿಸಿಕೊಳ್ಳುವಂಥದ್ದು ನನಗೆ ಏನೂ ಉಳಿದಿಲ್ಲ.

ನನ್ನ ಮಗಳು ಚಿತ್ರ ಬರೆಯುತ್ತಿದ್ದಳು. ಅದರಲ್ಲಿ ಮುಖವಿಲ್ಲ, ಮರವಿಲ್ಲ, ಬರೀ ಕಪ್ಪು ಕೆಂಪು ಬಣ್ಣದ ಎರಚಾಟ. "ಸುಣ್ಣ ಹೊಡೆಯೋನೂ ಇದಕ್ಕಿಂತ ನೀಟಾಗಿ ಬಳೀತಾನೆ" ಎಂದು ಹಂಗಿಸುತ್ತಿದ್ದೆ. ಕೊನೆಯ ಚಿತ್ರದ ಕೆಳಮೂಲೆ ಇನ್ನೂ ಬಿಳಿಯಾಗಿದ್ದಾಗಲೇ ಅವಳು ಕಣ್ಮುಚ್ಚಿದಳು. ಜಾಗ ತೆರವಾಗಲೆಂದು ಅದನ್ನೂ ಉಳಿದೆಲ್ಲ ಚಿತ್ರಗಳನ್ನೂ ಕಲಾ ಸಂಗ್ರಹಾಲಯದವರಿಗೆ ಕೊಟ್ಟುಬಿಟ್ಟೆ.

ಆಮೇಲೆ ಮನೆಯಲ್ಲಿ ಅವಳದೆಂದು ಏನೂ ಇಲ್ಲವಾಯಿತು. ಸಂಗ್ರಹಾಲಯದ ಅಂಗಡಿಗೇ ಹೋಗಿ ಆ ಕೊನೆಯ ಚಿತ್ರದ ಅಚ್ಚಿನ ಪ್ರತಿಯನ್ನು ಕೊಂಡೆ. "ಅಸಲಿಗೂ ಇದಕ್ಕೂ ಕೂದಲೆಳೆ ವ್ಯತ್ಯಾಸ ಇದ್ರೆ ವಾಪಸ್ ತನ್ನಿ ಯಜಮಾನ್ರೇ" ಎನ್ನುತ್ತಾ ಅಂಗಡಿಯವನು ಗಾಜಿನ ಚೌಕಟ್ಟನ್ನು ಮುಚ್ಚಿ ಹಿಂಬದಿಗೆ ಅರಗಿನ ಮೊಹರು ಒತ್ತಿದ.

ಮೂರನೆಯ ದಿನ ಬೆಳಿಗ್ಗೆ ಪ್ರಾರ್ಥನೆಗೆ ಕುಳಿತಾಗ, ಅವಳು ಬ್ರಷ್ ತೊಳೆಯುತ್ತಿದ್ದ ಟರ್ಪೆಂಟೈನಿನ ವಾಸನೆ ಬಂತು. ದೇವರ ಪಟದ ಪಕ್ಕ ತೂಗುಹಾಕಿದ್ದ ಆ ಪ್ರತಿಯ ಗಾಜಿನ ಒಳಮೈ ಉಸಿರು ತಾಗಿದಂತೆ ಮಸುಕಾಗಿತ್ತು. ಮಸುಕು ಆರಿದಾಗ ಬಿಳಿಯ ಅಂಚಿನಲ್ಲಿ ಹೊಸದೊಂದು ಕೆಂಪು ಗೆರೆ ಕಂಡಿತು.

ಅದನ್ನು ಅಂಗಡಿಗೆ ಹೊತ್ತೊಯ್ದೆ. ಅಂಗಡಿಯವನು ಭೂತಗನ್ನಡಿ ಹಿಡಿದು ನೋಡಿದ.

"ಯಾರ್ರೀ ಇದಕ್ಕೆ ಬಣ್ಣ ಹಚ್ಚಿದ್ದು? ಮೊಹರು ಒಡೆದೇ ಇಲ್ವಲ್ಲ! ಬೇರೆ ಕೊಡ್ತೀನಿ, ಇದನ್ನ ಇಲ್ಲೇ ಬಿಟ್ಟು ಹೋಗಿ."

"ಬೇಡಪ್ಪಾ. ಒಂದ್ಸಲ ಕೊಟ್ಟು ಕೆಟ್ಟಿದ್ದೀನಿ" ಎಂದು ವಾಪಸು ತಂದೆ.

ಈಗ ಹನ್ನೊಂದು ಗೆರೆಗಳಾಗಿವೆ. "ಕ್ಷಮಿಸಿದೆಯಾ ತಾಯೀ?" ಎಂದು ದಿನವೂ ಕೇಳುತ್ತೇನೆ. ವಾಸನೆ ಮಾತ್ರ ಬರುತ್ತದೆ. ಬಿಳಿ ಇನ್ನು ಎರಡು ಬೆರಳಗಲ ಉಳಿದಿದೆ.