ಇಬ್ಬರ ಆಟ

ಸುನಿಲ್‌ಕುಮಾರ್ ದೊಡ್ಡಬಳ್ಳಾಪುರದ ಆ ಅಂಗಡಿಗೆ ಮೊದಲ ಸಲ ಬಂದಾಗ ಅರ್ಪಿತಳನ್ನು ನೋಡಿ, "ಇಲ್ಲಿ ಕಂಪ್ಯೂಟರ್ ರಿಪೇರಿ ಮಾಡೋರು ಯಾವಾಗ ಬರ್ತಾರೆ ಮೇಡಂ?" ಎಂದು ಕೇಳಿದ.

"ಬಂದು ಎಂಟು ವರ್ಷ ಆಯ್ತು," ಎಂದಳು ಅರ್ಪಿತ, ಬಿಚ್ಚಿಟ್ಟ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

ಅವನು ನಕ್ಕ. ತುಟಿಯಲ್ಲಿ ಮುಗಿದ ಮೇಲೂ ಕಣ್ಣಲ್ಲಿ ಉಳಿಯುವ ನಗು. ಅವಳು ತಲೆ ಎತ್ತಿದ್ದು ಆಗ.

ಹತ್ತಿರದ ಮಧುರೆ ಊರಿನವನು. ದೇವನಹಳ್ಳಿ ಕಡೆ ಗೋದಾಮೊಂದರಲ್ಲಿ ಸೂಪರ್‌ವೈಸರ್. ಚಿಕ್ಕಂದಿನಲ್ಲಿ ಟಿವಿಗೆ ಕ್ಯಾಸೆಟ್ ಹಾಕಿ ಆಡುತ್ತಿದ್ದ ಗೇಮುಗಳೆಲ್ಲ ಲ್ಯಾಪ್‌ಟಾಪಿನಲ್ಲಿ ಬೇಕಿತ್ತು, ಒಂದೊಂದರ ಕವರ್ ಚಿತ್ರದ ಸಮೇತ ಒಂದೇ ಕಡೆ.

"ಒಂದೊಂದು ಹಳೇ ಮಶೀನಿಗೂ ಒಂದೊಂದು ಎಮ್ಯುಲೇಟರ್ ಬೇಕು. ಆ ಮಶೀನಿನ ಥರಾನೇ ನಟಿಸೋ ಸಾಫ್ಟ್‌ವೇರ್. ಎಲ್ಲಾನೂ ಒಂದೇ ಕಡೆಯಿಂದ ಓಪನ್ ಆಗೋ ಹಾಗೆ ಒಂದು ಲಾಂಚರ್‌ಗೆ ಸೇರಿಸ್ಕೊಡ್ತೀನಿ. ಒಂದು ಗಂಟೆ ಕೆಲಸ."

ಆ ಒಂದು ಗಂಟೆಯ ಕೆಲಸ ಆರು ಶನಿವಾರ ನಡೆಯಿತು. ಒಮ್ಮೆ ಸದ್ದು ತಡವಾಗಿ ಬರುತ್ತಿದೆ ಎಂದ. ಇನ್ನೊಮ್ಮೆ ಗೇಮಿನ ಕವರ್ ಚಿತ್ರಗಳು ಕಾಣುತ್ತಿಲ್ಲ ಎಂದ. ಮೂರನೇ ವಾರ ಏನೂ ಕೆಟ್ಟಿರಲಿಲ್ಲ, ಎರಡು ಗೇಮ್‌ಪ್ಯಾಡ್ ತಂದಿದ್ದ.

"ಟೆಸ್ಟ್ ಮಾಡೋಕೆ ಇಬ್ರು ಬೇಕಲ್ವಾ?"

ಸ್ಟೂಲುಗಳು ಹತ್ತಿರವಾದವು. 'ಮೇಡಂ' ಹೋಗಿ 'ಅರ್ಪಿತ' ಆಯಿತು, 'ನೀವು' ಹೋಗಿ 'ನೀನು' ಬಂತು. "ಬಿಟ್ಟು ಓಡ್ಬೇಡ ಕಣೇ, ನೀನಿಲ್ದೆ ನಾನು ಸತ್ತೆ," ಎನ್ನುತ್ತಿದ್ದ ಪರದೆ ನೋಡುತ್ತ. ಗೇಮಿನ ಮಾತೇ. ಅವಳು ಮಾತ್ರ ಅದನ್ನು ಬಸ್ಸಿನಲ್ಲಿ ಮನೆಯವರೆಗೂ ಒಯ್ಯುತ್ತಿದ್ದಳು.

ಆರನೇ ಶನಿವಾರ ಹೇಳಿಬಿಡಬೇಕೆಂದೇ ಬಂದಿದ್ದಳು. ಅಷ್ಟರಲ್ಲಿ ಅವನು, "ನಾವು ಸೇವ್ ಮಾಡಿರೋದೆಲ್ಲ ಅಳಿಸ್ಬಿಡು," ಎಂದ.

"ಯಾಕೆ? ಇನ್ನೊಂದೇ ಲೆವೆಲ್ ಇರೋದು."

"ಪದ್ಮಶ್ರೀ ಜೊತೆ ಮೊದಲಿಂದ ಆಡ್ಬೇಕು. ಮದುವೆ ಆಗೋ ಹುಡುಗಿ, ಬೂದಿಗೆರೆಯವಳು. ಸೋಮವಾರ ಮುಹೂರ್ತ."

"ನನಗೆ ಹೇಳ್ಲೇ ಇಲ್ಲ."

"ನೀನು ಕೇಳ್ಲಿಲ್ಲ."

ಅವಳು ಗೇಮ್‌ಪ್ಯಾಡ್ ಕೆಳಗಿಟ್ಟಳು. "ನೀನಂದ್ರೆ ನನಗೆ ಇಷ್ಟ, ಸುನಿಲ್."

ಅವನು ಬೆಚ್ಚಲಿಲ್ಲ. ಚುಚ್ಚಿದ್ದೇ ಅದು. "ಗೊತ್ತು. ನನಗೂ ಇಷ್ಟಾನೇ, ಅದಕ್ಕೇ ಬರ್ತಿದ್ದೆ. ಇಷ್ಟ ಆದೋರ್ನೆಲ್ಲ ಮದುವೆ ಆಗೋಕಾಗುತ್ತಾ?"

ಅಳಿಸಲೇ ಎಂದು ಪರದೆ ಕೇಳಿತು. ಅರ್ಪಿತ ಹೂಂ ಒತ್ತಿದಳು.

"ಇದನ್ನ ಓಪನ್ ಮಾಡೋದು ಹೆಂಗೆ ಅಂತ ಅವಳಿಗೂ ಸ್ವಲ್ಪ ಹೇಳ್ಕೊಡು," ಎಂದು ಅವನು ವೀಡಿಯೊ ಕಾಲ್ ಮಾಡಿ ಫೋನನ್ನು ಅವಳ ಕೈಗೇ ಕೊಟ್ಟ. ಪದ್ಮಶ್ರೀ ಕೈತುಂಬ ಒದ್ದೆ ಮೆಹೆಂದಿ ಹಚ್ಚಿಕೊಂಡು ಕೂತಿದ್ದಳು. ಒಳ್ಳೆಯವಳೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ನೀವೇನಾ ಅಕ್ಕ? ಇವ್ರು ನಿಮ್ಮ ವಿಷ್ಯ ಹೇಳ್ತಾನೇ ಇರ್ತಾರೆ. ಪಾಪ, ನಿಮ್ಮ ಜೊತೆ ಆಡೋಕೆ ಯಾರೂ ಇಲ್ವಂತೆ, ಅದಕ್ಕೇ ಇವ್ರು ಬರ್ತಾರಂತೆ."

ಅರ್ಪಿತ ಒಂದೊಂದು ಬಟನನ್ನೂ ಬಿಡಿಸಿ ಹೇಳಿಕೊಟ್ಟಳು. ಎರಡು ಸಲ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ಅವನ ಮುಂದೆ ಸರಿಸಿದಳು.

"ಕೋಪಾನಾ?"

"ಸ್ವಲ್ಪ ಪಕ್ಕಕ್ಕೆ ಬನ್ನಿ ಸರ್. ಹಿಂದೆ ಅವ್ರು ಕಾಯ್ತಿದಾರೆ."

ಕೆಟ್ಟ ಪ್ರಿಂಟರ್ ಹೊತ್ತು ಹಳೇ ಗಿರಾಕಿ, ವಯಸ್ಸಾದ ಮುನಿಶಾಮಪ್ಪ ನಿಂತಿದ್ದರು. ಸುನಿಲ್ ಹೋದ. ಅವಳು ಪ್ರಿಂಟರ್ ಬಿಚ್ಚಲು ಕೂತಳು. ಕಣ್ಣು ಮಂಜಾಗಿ ಸ್ಕ್ರೂ ಎಲ್ಲಿದೆಯೆಂದೇ ಕಾಣಲಿಲ್ಲ. ಮುನಿಶಾಮಪ್ಪ ಅವಳನ್ನೊಮ್ಮೆ ನೋಡಿ, ಮುಖ ಬೀದಿಯ ಕಡೆ ತಿರುಗಿಸಿಕೊಂಡು ಹೇಳಿದರು:

"ನಿಧಾನಕ್ಕೆ ಮಾಡಮ್ಮ. ನಂದೇನು ಅರ್ಜೆಂಟಿಲ್ಲ."