ಊನ ಇರುವ ಮನೆ

ಮನೆ ನೋಡಲು ಹೋದಾಗಲೆಲ್ಲ ಮನೆಯೇ ಮೊದಲು ಮಾನಮ್ಮನನ್ನು ನೋಡುತ್ತಿತ್ತು.

ಗೇಟಿನಿಂದ ಹೊಸ್ತಿಲವರೆಗೆ ಅವಳು ನಡೆದು ಬರುವಷ್ಟರಲ್ಲಿ ಮಾಲೀಕರ ಕಣ್ಣು ಅವಳ ಎಡಗಾಲಿಗೆ ಇಳಿಯುತ್ತಿತ್ತು. ಬೂಟಿನಿಂದ ಮೊಣಕಾಲಿನವರೆಗೆ ಹತ್ತಿದ ಕಬ್ಬಿಣದ ಪಟ್ಟಿಯನ್ನು ಅಳೆದು, ಮತ್ತೆ ಮುಖಕ್ಕೆ ಬಂದು, ಸುಳ್ಳು ನಗು ನಗುತ್ತಿತ್ತು. ಆ ನೋಟ ಅವಳಿಗೆ ಹಳೆಯದು. ಲಿಂಗಸೂಗೂರಿನಲ್ಲಿ ಹೆಣ್ಣು ನೋಡಲು ಬಂದವರೆಲ್ಲ ಇದೇ ನೋಟ ಹೊತ್ತು ಅವಲಕ್ಕಿ ತಿಂದು, ಚಹಾ ಕುಡಿದು, ಅಂಗಳಕ್ಕಿಳಿದ ಮೇಲೆ ಪಿಸುಗುಟ್ಟಿದ್ದರು: “ಹುಡುಗಿ ಚಲೋನ ಅದಾಳ. ಖರೆ, ಊನ ಅದಲ್ಲ.”

ಊನ. ಎರಡೇ ಅಕ್ಷರ. ಪೋಲಿಯೋ ಅವಳ ಕಾಲಿನ ಬಲವನ್ನಷ್ಟೇ ಒಯ್ದಿತ್ತು. ಮಿಕ್ಕಿದ್ದನ್ನೆಲ್ಲ ಒಯ್ದದ್ದು ಈ ಎರಡಕ್ಷರ.

ಅಂಗವಿಕಲರ ಕೋಟಾದಲ್ಲಿ ನೌಕರಿ ಸಿಕ್ಕು ಪುಣೆಗೆ ಹೊರಟಾಗ ಚಿಗವ್ವ ಭೀಮವ್ವ ಬಸ್ಸಿನ ಕಿಟಕಿಗೆ ಕೈಯಿಟ್ಟು ಹೇಳಿದ್ದಳು: “ನೆಟ್ಟಗಿರೋ ಗಂಡಸು ತಾನಾಗಿ ನಿನ್ನ ಕೇಳ್ಕೊಂಡು ಬಂದ್ರ, ಯಾಕ ಬಂದಾನ ಅಂತ ಮದ್ಲ ನೋಡವ್ವ. ಪಗಾರಕ್ಕ ಬಂದಿರ್ತಾನ. ಇಲ್ಲಾ, ನಿನ್ನ ಒಂದು ಮೂಲ್ಯಾಗ ಕೂಡಿಸಿ ಮತ್ತೊಬ್ಬಾಕಿನ್ನ ತರಾಕ ಬಂದಿರ್ತಾನ.”

ಅವಧೂತ ನೆಟ್ಟಗಿದ್ದ. ಅದೇ ಅವಳ ಹೆದರಿಕೆ.

ಬೆಳಗಾವಿ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಪುಣೆ, ಚಾಕಣದ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮಳೆಗಾಲದಲ್ಲಿ ಒಮ್ಮೆ, ನಿಲ್ಲಿಸದೆ ಹೋದ ಬಸ್ಸಿಗೆ ಅವಳು ಹಲ್ಲು ಕಚ್ಚಿ ಶಾಪ ಹಾಕುತ್ತಿದ್ದಾಗ ಪಕ್ಕದ ಛತ್ರಿಯೊಳಗಿಂದ ದನಿ ಬಂದಿತ್ತು.

“ಬಯ್ಯೂದಾದ್ರ ಜೋರಾಗಿ ಬಯ್ರಿ. ಇಲ್ಲಿ ಯಾರಿಗೂ ತಿಳಿಯಂಗಿಲ್ಲ, ನನ್ನೊಬ್ಬನ್ನ ಬಿಟ್ಟು.”

ಅವಳು ಬೆಚ್ಚಿ ತಿರುಗಿದ್ದಳು. ಅವನ ಕಣ್ಣಿನ ಮೂಲೆಯಲ್ಲಿ ನಗುವಿತ್ತು. ಕಾಲಿನ ಕಡೆ ಇಳಿಯದ ಕಣ್ಣು ಅದು. ಅಂದಿನಿಂದ ಆ ನಿಲ್ದಾಣದಲ್ಲಿ ಅವಳು ಬೇಕಂತಲೇ ಬಸ್ಸು ಬಿಡತೊಡಗಿದಳು. ಅವನೂ ಬಿಡುತ್ತಿದ್ದ.

ಚಳಿ ಶುರುವಾದ ಮೇಲೆ ಸಾರಸಬಾಗ್ ಉದ್ಯಾನದ ಕಲ್ಲುಬೆಂಚಿನಲ್ಲಿ ಕೂತಿದ್ದಾಗ ಅವಳ ಕೈ ತಾನಾಗಿ ಎಡಗಾಲನ್ನು ತಿಕ್ಕುತ್ತಿತ್ತು. ರಕ್ತ ಸರಿಯಾಗಿ ಓಡದ ಕಾಲು ಚಳಿಗೆ ಬಾವಿಕಲ್ಲಿನಂತೆ ತಣ್ಣಗಾಗುತ್ತಿತ್ತು.

“ನೋವ ಆಗತದೇನ್ರಿ?” ಎಂದಿದ್ದ ಅವಧೂತ.

“ಕಾಲಿನ ಮಾತು ಎತ್ತಬ್ಯಾಡ್ರಿ. ಇನ್ನೊಮ್ಮೆ ಎತ್ತಿದ್ರ ನಾ ಬರಂಗಿಲ್ಲ.”

ಮತ್ತೆ ಅವನು ಎತ್ತಲಿಲ್ಲ. ಬದಲಿಗೆ ಒಂದು ಸಂಜೆ, ಕಡಲೆಕಾಯಿ ಸುಲಿಯುತ್ತ, ರಿಜಿಸ್ಟರ್ ಮದುವೆಯಾಗೋಣ ಎಂದ. ಅವಳಿಗೆ ಹೂಂ ಅನ್ನಲು ಬಾಯಿ ಬರಲಿಲ್ಲ, ಊಹೂಂ ಅನ್ನಲು ಮನಸ್ಸು ಬರಲಿಲ್ಲ.

“ಮದ್ಲ ಮನಿ ನೋಡ್ರಿ. ಮನಿ ಮನಸ್ಸಿಗೆ ಬಂದ್ರ ಆಮ್ಯಾಲ ಹೇಳ್ತೀನಿ.”

“ಮನಿ ಮನಸ್ಸಿಗೆ ಬರಬೇಕೋ, ನಾ ಬರಬೇಕೋ?”

“ಮನಿ,” ಎಂದು ಅವಳು ನಗು ನುಂಗಿದ್ದಳು. ಅದು ನೆಪ. ಅಂಜಿಕೆಗೆ ಒಂದಿಷ್ಟು ದಿನ ಬೇಕಿತ್ತು.

ಆದರೆ ಅವನು ಮನೆ ನೋಡುವ ರೀತಿ ಅಂಜಿಕೆಯನ್ನು ಇನ್ನಷ್ಟು ಬೆಳೆಸಿತು. ಅಡುಗೆಮನೆ ನೋಡುತ್ತಿರಲಿಲ್ಲ, ನಲ್ಲಿ ತಿರುಗಿಸುತ್ತಿರಲಿಲ್ಲ. ನೆಟ್ಟಗೆ ತೋಟಕ್ಕೆ ಹೋಗಿ ಕಾಂಪೌಂಡಿನ ಎತ್ತರ ನೋಡುತ್ತಿದ್ದ. ಆಚೆಗೆ ಯಾರ ಮನೆ, ಎಷ್ಟು ಅಂತಸ್ತು ಎಂದು ಕೇಳುತ್ತಿದ್ದ. ಕೋಥ್ರೂಡಿನ ಮನೆಯಲ್ಲಿ ನೆಲ ಕನ್ನಡಿಯಂತಿತ್ತು. ಬಡಗಣ ದಿಕ್ಕಿನ ತೋಟದ ಗೋಡೆಗೆ ಹತ್ತಿದ ಹಾವಸೆಯನ್ನು ಉಗುರಿನಿಂದ ಕೆರೆದು ಅವನು “ಬ್ಯಾಡ” ಎಂದ. ಇನ್ನೊಂದರ ತೋಟ ಪಶ್ಚಿಮಕ್ಕಿತ್ತು. ಅದೂ “ಬ್ಯಾಡ.” ಯಾಕೆಂದು ಹೇಳಲಿಲ್ಲ.

ಸದಾಶಿವ ಪೇಠೆಯ ಪೂರ್ವದ ಅಂಗಳದ ಮನೆಯಲ್ಲಿ ಮಾತ್ರ ಬೇಡ ಎಂದದ್ದು ಮನೆಯವರು.

“ಆಡನಾವ ಕಾಯ?” ಅಡ್ಡಹೆಸರು ಕೇಳಿದರು.

“ಮಾನಮ್ಮ ತಾಯಪ್ಪ.”

“ಅದು ಅಪ್ಪನ ಹೆಸರು. ಆಡನಾವ?”

ಅವಳಿಗೆ ಅಡ್ಡಹೆಸರಿರಲಿಲ್ಲ. ಊರ ಹೊರಗಿನ ಕೇರಿಗೆ ಆ ಸೌಲಭ್ಯವನ್ನು ಯಾರೂ ಹಂಚಿರಲಿಲ್ಲ. ಮನೆ ನಿನ್ನೆಯೇ ಬೇರೆಯವರಿಗೆ ಹೋಯಿತೆಂದು ಬಾಗಿಲು ಮುಚ್ಚಿದರು. ಹೊರಗೆ “ಬಾಡಿಗೆಗೆ ಇದೆ” ಎಂಬ ಹಲಗೆ ಗಾಳಿಗೆ ಅಲ್ಲಾಡುತ್ತಲೇ ಇತ್ತು. ಅವಧೂತನ ಮುಖ ಕೆಂಪಾಗಿತ್ತು. ಅವಳಿಗೆ ಸಿಟ್ಟಿಗಿಂತ ಮೊದಲು ಬಂದದ್ದು ಭಯ: ನಾಳೆ ಇವನ ಅವ್ವನೂ ಹೀಗೇ ಕೇಳಿದರೆ?

ಆ ರಾತ್ರಿ ಹಾಸ್ಟೆಲಿನ ಮಂಚದಲ್ಲಿ ಭೀಮವ್ವನ ಮಾತು ಎದ್ದು ಕೂತಿತು. ಎತ್ತರದ ಗೋಡೆ, ಆಚೆ ಕಿಟಕಿಗಳಿಲ್ಲದ ಜಾಗ. ಏನು ಹುಡುಕುತ್ತಿದ್ದಾನೆ ಇವನು? ಯಾರ ಕಣ್ಣಿಗೂ ಬೀಳದಂತೆ ತನ್ನನ್ನು ಇಡುವ ಮೂಲೆಯನ್ನೇ?

ತೊಂಬತ್ತೊಂಬತ್ತರ ಡಿಸೆಂಬರ್ ಮುಗಿಯುತ್ತಿದ್ದಾಗ ವಿಮಾನ ನಗರದ ಹಿಂದಿನ ಗಲ್ಲಿಯ ಮನೆಗೆ ಹೋದರು. ಕೃಷ್ಣಾಬಾಯಿ ಎಂಬ ಮರಾಠಿ ಅಜ್ಜಿಯ ಮನೆ. ಅಜ್ಜಿ ಮಹಡಿಯಲ್ಲಿ, ಕೆಳಗಿನದು ಬಾಡಿಗೆಗೆ. ಗೇಟೂ ತೋಟವೂ ದಕ್ಷಿಣಕ್ಕೆ.

ದಕ್ಷಿಣ ಯಮನ ದಿಕ್ಕೆಂದು ಯಾರೂ ಬಂದಿರಲಿಲ್ಲ. ಮನುಷ್ಯರಿಗೆ ಹಂಚಿದ ಹಾಗೆ ದಿಕ್ಕುಗಳಿಗೂ ಮೇಲುಕೀಳು ಹಂಚಿಟ್ಟ ದೇಶ. ಊರಲ್ಲಿ ಮಾನಮ್ಮನ ಕೇರಿಯೂ ದಕ್ಷಿಣಕ್ಕೇ ಇತ್ತು.

ಅವಧೂತ ಎಂದಿನಂತೆ ಮುಂದೆ ಹೋಗಿ ತೋಟದ ನಡುವೆ ನಿಂತ. ಅವಳು ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ವಿಮಾನವೊಂದು ತಲೆಯ ಮೇಲೆ ಮೊರೆಯಿತು. ಅಜ್ಜಿಯ ಬಾಯಿ ಆಡುವುದು ಕಂಡಿತು, ಮಾತು ಕೇಳಲಿಲ್ಲ. ಮೊರೆತ ಅಡಗಿದಾಗ ಅವಧೂತನ ಮಾತು ಮಾತ್ರ ಉಳಿಯಿತು, ಸ್ಪಷ್ಟವಾಗಿ:

“ಊನ ಆಹೆ ಮ್ಹಣೂನಚ್ ಪಾಹಿಜೆ, ಆಜೀ.”

ಕಚೇರಿಯಲ್ಲಿ ಅವಳಿಗೆ ಹಿಂದಿಯೇ ಸಾಕಾಗುತ್ತಿತ್ತು. ಮರಾಠಿ ಕಲಿತದ್ದು ಕಾಯಿಪಲ್ಲೆ ಅಂಗಡಿಯಲ್ಲಷ್ಟೇ. ‘ಆಹೆ’ ಎಂದರೆ ಅದ. ‘ಮ್ಹಣೂನಚ್’ ಎಂದರೆ ಅಂತನೇ. ‘ಪಾಹಿಜೆ’ ಎಂದರೆ ಬೇಕು. ಮೊದಲ ಪದವನ್ನು ಕಲಿಯುವ ಅಗತ್ಯವೇ ಇರಲಿಲ್ಲ.

ಊನ ಅದ ಅಂತನೇ ಬೇಕು.

ಅವಳು ತಿರುಗಿ, ಬೂಟು ಕಲ್ಲಿಗೆ ತಾಗಿ ಸದ್ದಾಗುವಂತೆ, ಗೇಟಿನ ಕಡೆ ನಡೆದಳು.

“ಮಾನಾ, ಯಾಕ್ರಿ? ಎಲ್ಲಿಗೆ?” ಅವಧೂತ ಓಡಿ ಬಂದ.

“ಮುಟ್ಟಬ್ಯಾಡ್ರಿ!” ಅವಳು ನಿಂತು ತಿರುಗಿದಳು. “ಊನ ಅದ ಅಂತನೇ ಬೇಕಂತ ಹೇಳಿದ್ರಲ್ಲ ಆಕಿಗೆ? ಓಡಿ ಹೋಗಂಗಿಲ್ಲ, ಎದುರು ಮಾತಾಡಂಗಿಲ್ಲ, ಮೂಲ್ಯಾಗ ಬಿದ್ದಿರ್ತಾಳ ಅಂತನಾ? ಎತ್ತರದ ಗೋಡಿ ಅದಕ್ಕ ಹುಡುಕಿದ್ರೇನು?”

ಅವನದು ಏನೂ ತಿಳಿಯದೆ ಬೆಪ್ಪಾದ ಮುಖ.

“ಊನ ಅಂದ್ರ…” ಎಂದು ಅವನು ತೊದಲುವಷ್ಟರಲ್ಲಿ ಅಜ್ಜಿ ಹಿಂದಿನಿಂದ ಗದರಿದಳು. ಒಂದು ಕೈಯನ್ನು ಹಣೆಗೆ ಅಡ್ಡ ಹಿಡಿದು, ಇನ್ನೊಂದರಿಂದ ಆಕಾಶ ತೋರಿಸಿ, ಚಿಕ್ಕು ಗಿಡದ ನೆರಳಿಗೆ ಕರೆಯುತ್ತ:

“ಅಗ ಪೋರೀ, ಊನ ಕಿತೀ ಆಹೆ! ಸಾವಲೀತ ಯೇ!”

ಮಾನಮ್ಮ ಆಕಾಶ ನೋಡಿದಳು. ಕಣ್ಣು ಕುಕ್ಕಿತು. ಅಜ್ಜಿಯ ಹಣೆಯ ಮೇಲಿನ ಕೈ ನೋಡಿದಳು. ತನ್ನ ನೆರಳು ಕಾಲಬುಡದಿಂದ ಮನೆಯ ಹೊಸ್ತಿಲ ಕಡೆಗೆ ಚಾಚಿ ಬಿದ್ದದ್ದನ್ನು ನೋಡಿದಳು.

“ಊನ ಅಂದ್ರ… ಬಿಸಿಲೇನ್ರಿ?”

“ಬಿಸಿಲ್ರಿ. ಮತ್ತೇನಂದ್ಕೊಂಡ್ರಿ?”

ಅಂದವನಿಗೆ ಆಮೇಲೆ ಹೊಳೆಯಿತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡಿ ಬೆಳೆದವನ ಮುಖ ಬಿಳುಚಿತು. “ಅಯ್ಯೋ,” ಎಂದ ಸಣ್ಣಗೆ.

ಒಂದು ಭಾಷೆ ಸೂರ್ಯನಿಗೆ ಕೊಟ್ಟ ಪದವನ್ನು ಅವಳ ಭಾಷೆ ಕಬ್ಬಿಣ ಮಾಡಿ ಮಗುವಿನ ಕಾಲಿಗೆ ಬಿಗಿದಿತ್ತು. ಅವಳಿಗೆ ಅಳು ಬಂತು. ಅವನ ಮೇಲಲ್ಲ, ಅಂಗಳಕ್ಕಿಳಿದು ಪಿಸುಗುಟ್ಟಿದ ಆ ಬಾಯಿಗಳ ಮೇಲೆ.

“ಅಜ್ಜಿ ಅಂದ್ಳು, ದಕ್ಷಿಣದ ತೋಟ, ದಿನಾ ಪೂರ್ತಿ ಬಿಸಿಲು, ಯಾರೂ ಬರಂಗಿಲ್ಲ ಅಂತ,” ಅವಧೂತ ನೆಲ ನೋಡುತ್ತ ಹೇಳಿದ. “ಚಳಿಗಾಲದಾಗ ಸೂರ್ಯ ದಕ್ಷಿಣಕ್ಕ ವಾಲಿ ಒಳಗಿನ ತನಕಾ ಬರತಾನ. ಬ್ಯಾಸಿಗ್ಯಾಗ ನೆತ್ತಿ ಮ್ಯಾಲಿರ್ತಾನ, ಬಾಗಲ ಮ್ಯಾಲಿನ ಸಜ್ಜಾದ ನೆಳ್ಳು ಸಾಕು. ಬಡಗಣ ತೋಟಕ್ಕ ಈ ದಿನದಾಗ ಬಿಸಿಲ ಇಲ್ಲ. ಪಡುವಣದ್ದು ಬ್ಯಾಸಿಗಿ ಮಧ್ಯಾಹ್ನ ಸುಡತದ. ಗೋಡಿ ನೋಡಿದ್ದು ನೆಳ್ಳು ಎಲ್ಲೀತನಕಾ ಬೀಳತದ ಅಂತ.”

“ನನಗ ಯಾಕ ಹೇಳಲಿಲ್ಲ?”

“ಕಾಲಿನ ಮಾತು ಎತ್ತಬ್ಯಾಡ ಅಂದಿದ್ರಿ. ಎತ್ತಿದ್ರ ಬರಂಗಿಲ್ಲ ಅಂದಿದ್ರಿ.” ಅವನು ತಲೆಯೆತ್ತಿದ. ಕಣ್ಣಿನ ಮೂಲೆಯಲ್ಲಿ ನಗುವಿರಲಿಲ್ಲ, ಭಯವಿತ್ತು. ಅವಳು ಕನ್ನಡಿಯಲ್ಲಿ ನೋಡಿ ಬಲ್ಲ ಭಯ. “ಅದಕ್ಕ ಬಿಸಿಲಿನ ಬೆನ್ನು ಹತ್ತಿದೆ.”

ಅವಳು ಚಿಕ್ಕು ಗಿಡದ ಆಚೆ, ಬಿಸಿಲಿನ ಕಟ್ಟೆಯ ಮೇಲೆ ಕೂತಳು. ಬೂಟಿನ ಹುರಿ ಬಿಚ್ಚಿದಳು, ಪಟ್ಟಿಯ ಬಕಲ್ ಕಳಚಿದಳು. ಅವಧೂತ ಮರ್ಯಾದೆಯಿಂದ ಮುಖ ತಿರುಗಿಸಿದ.

“ಆ ಕಡೆ ಯಾಕ ನಿಂತೀರಿ? ನೋಡ್ರಿ. ಇದೇ ಅದು.”

ಅವನು ನೋಡಿದ. ಬಿದಿರುಕೋಲಿನಂಥ ಕಾಲು. ಬಲವಿರಲಿಲ್ಲ, ಆದರೆ ಸ್ಪರ್ಶವಿತ್ತು. ಇದನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಬಿಸಿಲು ಪಾದದಿಂದ ಮೀನಖಂಡಕ್ಕೆ ಮೆಲ್ಲಗೆ ಏರುವುದು ಅವಳಿಗೆ ತಿಳಿಯುತ್ತಿತ್ತು.

“ನಮ್ಮವ್ವ ದಕ್ಷಿಣದ ಮನಿಗೂ ಬ್ಯಾಡ ಅಂತಾಳ, ನಿಮಗೂ ಬ್ಯಾಡ ಅಂತಾಳ,” ಎಂದ ಅವಧೂತ. “ಅಂಜಿಕಿ ಬರತದ್ರಿ. ಖರೆ, ನೀವಿಲ್ಲದ ಇರೂದು ನೆನೆಸ್ಕೊಂಡ್ರ ಇನ್ನೂ ಅಂಜಿಕಿ.”

ಅಜ್ಜಿ ಸೆರಗು ತಲೆಗೆಳೆದುಕೊಂಡು ಹತ್ತಿರ ಬಂದಳು. ಬರಿಗಾಲನ್ನು ನೋಡಿದಳು, ಇಬ್ಬರನ್ನೂ ನೋಡಿದಳು. ಆಮೇಲೆ ಆ ಪ್ರಶ್ನೆ ಬಂದೇ ಬಂತು.

“ಆಡನಾವ ಕಾಯ ಗ ತುಝಂ?”

ಅವಧೂತ ತನ್ನ ಅಡ್ಡಹೆಸರನ್ನು ಕೊಡಲು ಬಾಯಿ ತೆರೆದ. ಮಾನಮ್ಮ ಕೈಯೆತ್ತಿ ತಡೆದಳು. ಹರಕು ಮರಾಠಿಯಲ್ಲಿ, ಆದರೆ ಅಜ್ಜಿಯ ಕಣ್ಣಿಗೆ ಕಣ್ಣಿಟ್ಟು ಹೇಳಿದಳು:

“ಆಡನಾವ ನಾಹೀ, ಆಜೀ. ಊನ ಪಾಹಿಜೆ.”

ಅಡ್ಡಹೆಸರಿಲ್ಲ. ಬಿಸಿಲು ಬೇಕು.

ಅಜ್ಜಿ ಸೊಂಟದಿಂದ ಬೀಗದಕೈ ಗೊಂಚಲು ಬಿಚ್ಚಿ, ಒಂದನ್ನು ಆರಿಸಿ, ಅವಧೂತನ ಚಾಚಿದ ಕೈ ಬಿಟ್ಟು ಮಾನಮ್ಮನ ಮಡಿಲಿಗೆ ಹಾಕಿದಳು.

“ಮನಿ ಮನಸ್ಸಿಗೆ ಬಂತೇನ್ರಿ?” ಅವಧೂತ ಪಿಸುಗುಟ್ಟಿದ.

ತಲೆಯ ಮೇಲೆ ಇನ್ನೊಂದು ವಿಮಾನ ಮೊರೆಯಿತು. ಅದರ ನೆರಳು ತೋಟವನ್ನು, ಕಟ್ಟೆಯನ್ನು, ಅವಳ ಕಾಲನ್ನು ದಾಟಿ ಹೋಯಿತು. ಆ ಸದ್ದಿನಲ್ಲಿ ಅವಳು ಹೂಂ ಎಂದದ್ದು ಅವನಿಗೆ ಕೇಳಲಿಲ್ಲ.

ನೆರಳು ಸರಿದ ಮೇಲೆ, ಬಿಸಿಲಲ್ಲಿ, ಅವಳು ಇನ್ನೊಮ್ಮೆ ಹೇಳಿದಳು.