ಅನಸೂಯಳ ಮೊರಾಕೊ ಪ್ರವಾಸ

ಮೊರಾಕೊದಿಂದ ಹೆಂಡತಿಯ ಫೋನು ಬಂದಾಗ ಚಂದ್ರಮೌಳಿಯ ತಲೆಯಲ್ಲಿ ಕೊಲೆಯ ಯೋಚನೆ ಇರಲಿಲ್ಲ. ಫೋನು ಕೆಳಗಿಡುವಷ್ಟರಲ್ಲಿ ಇತ್ತು.

"ಬಿಸಿಲು ತಡೆಯಕ್ಕಾಗ್ತಿಲ್ಲ, ಮುಂಚೇನೇ ಬಂದ್ಬಿಡ್ತೀನಿ," ಎಂದಿದ್ದಳು ಅನಸೂಯ. "ಯಾರಿಗೂ ಹೇಳ್ಬೇಡಿ. ನನ್ನ ಸಾಮಾನು ತಗೊಂಡು ಬೇರೆ ಅಪಾರ್ಟ್‌ಮೆಂಟಿಗೆ ಹೋಗ್ತೀನಿ. ಆಮೇಲೆ ತಂಗಿ ನಿರುಪಮಾಗೆ ನಾನೇ ಹೇಳ್ತೀನಿ."

"ಏರ್‌ಪೋರ್ಟಿಗೆ ನಾನೇ ಬರ್ತೀನಿ," ಎಂದ ಅವನು, ಮೆತ್ತಗೆ.

ಅವಳು ಬಿಟ್ಟುಹೋಗುವುದು ಅವನಿಗೆ ಹೊಸ ಸುದ್ದಿಯಲ್ಲ; ಹೊರಡುವ ಮೊದಲೇ ಹೇಳಿದ್ದಳು. ಅವನನ್ನು ಸುಡುತ್ತಿದ್ದುದು ಬೇರೆ. ಆಗ, 1973ರಲ್ಲಿ, ಡೆಟ್ರಾಯಿಟ್ ಸುತ್ತಮುತ್ತ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ಯಾವ ಮನೆಯಲ್ಲಿ ಗಂಡಹೆಂಡಿರು ಮುನಿಸಿಕೊಂಡರೂ ರಾಜಿಗೆ ಸೌತ್‌ಫೀಲ್ಡಿನ ಚಂದ್ರಮೌಳಿಯ ಮನೆಗೇ ಬರುತ್ತಿದ್ದರು. ಅಂಥವನ ಹೆಂಡತಿಯೇ ಬಿಟ್ಟು ಹೋದಳೆಂದರೆ, ನಾಳೆಯಿಂದ ಅವನ ಮುಖ ನೋಡಿ ನಗದವರು ಯಾರು?

ಈಗ ದಾರಿ ತಾನಾಗಿ ತೆರೆದಿತ್ತು. ಅನಸೂಯ ಒಬ್ಬಳೇ ಮೊರಾಕೊವನ್ನು ರೈಲಿನಲ್ಲಿ ಸುತ್ತುತ್ತಿದ್ದಾಳೆಂದು ಎಲ್ಲರಿಗೂ ಗೊತ್ತು. ಅವಳು ಇಳಿದುಕೊಂಡ ಹೋಟೆಲುಗಳಲ್ಲಿ ಹೆಸರಿದೆ, ನೋಡಿದವರಿದ್ದಾರೆ. ವಾಪಸಾದದ್ದು ಮಾತ್ರ ಅವನೊಬ್ಬನಿಗೆ ಗೊತ್ತು. ಮೊರಾಕೊದಲ್ಲಿ ಕಳೆದುಹೋದವಳನ್ನು ಮಿಶಿಗನ್ನಿನಲ್ಲಿ ಯಾರು ಹುಡುಕುತ್ತಾರೆ?

ಉಳಿದದ್ದು ಅವನ ಕಸುಬಿಗೆ ಒಗ್ಗುವ ಕೆಲಸ. ಅವನು ಸಿವಿಲ್ ಇಂಜಿನಿಯರ್. ನೋವೈ ಕಡೆ ಜೋಳದ ಹೊಲಗಳ ಮೇಲೆ ಏಳುತ್ತಿದ್ದ ಹೊಸ ಮನೆಗಳ ಬಡಾವಣೆಗೆ ಅವನದೇ ಮೇಲ್ವಿಚಾರಣೆ. ಯಾವ ಪಾಯದ ಗುಂಡಿಗೆ ಯಾವ ಬೆಳಿಗ್ಗೆ ಕಾಂಕ್ರೀಟ್ ಬೀಳುತ್ತದೆಂದು ನಿಶ್ಚಯಿಸುವವನೂ ಅವನೇ.

ಏರ್‌ಪೋರ್ಟಿನಿಂದ ಬರುವಾಗ ಫ್ಲಾಸ್ಕಿನ ಕಾಫಿ ಕೊಟ್ಟ. ಬಿಸಿಲಿಗೆ ಕಪ್ಪಾಗಿದ್ದ ಅನಸೂಯ ಕಾಫಿ ಕುಡಿಯುತ್ತ ಟ್ಯಾಂಜಿಯರಿನ ರೈಲು, ಫೆಜ್‌ನ ರೈಲು ಅಂತ ಉತ್ಸಾಹದಿಂದ ಹೇಳುತ್ತಲೇ ಇದ್ದಳು. ಅವನು ಹೂಂಗುಟ್ಟುತ್ತ ಎಕ್ಸಿಟ್ ಬೋರ್ಡುಗಳನ್ನು ನೋಡುತ್ತಿದ್ದ. ಅವಳ ಮಾತು ತೊದಲಿತು, ಆಮೇಲೆ ನಿಂತಿತು. ಕೆಲಸಗಾರರು ಮನೆಗೆ ಹೋದಮೇಲೆ ನೋವೈನಲ್ಲಿ ಉಳಿದದ್ದನ್ನು ಮುಗಿಸಿದ. ಬೆಳಿಗ್ಗೆ ಕಾಂಕ್ರೀಟ್ ಬಿತ್ತು. ಅವನೇ ನಿಂತು ಸುರಿಸಿದ.

ಎಲ್ಲರೂ ಕಾಯುತ್ತಿದ್ದ ದಿನ ಅವಳು ಬರಲಿಲ್ಲ. ಪೊಲೀಸರಿಗೆ ಅವನೇ ದೂರು ಕೊಟ್ಟ. ಗೆಳೆಯರ ಮನೆಗಳಿಂದ ಊಟ ಬಂತು. ಕೈ ಹಿಡಿದು ಅತ್ತವರಿದ್ದರು. ಅವನೂ ಅತ್ತ, ಅಳು ಸುಲಭವಾಗಿ ಬಂತು. ಆದರೆ ನೋವೈನ ಆ ಮನೆಯನ್ನು ದಿನವೂ ಹಾದುಹೋಗಬೇಕಿತ್ತು. ಅಲ್ಲಿ ಗೋಡೆ ಏಳುತ್ತಿದ್ದಷ್ಟೂ ತನ್ನ ಸುತ್ತಲೂ ಏನೋ ಏಳುತ್ತಿರುವಂತೆ ಅನ್ನಿಸುತ್ತಿತ್ತು. ಕೆಲಸ ಬಿಟ್ಟು ಹೋಗುವಂತಿಲ್ಲ, ಊರು ಬಿಡುವಂತಿಲ್ಲ. ಹೆಂಡತಿಗಾಗಿ ಕಾಯುವ ಗಂಡ ಎಲ್ಲಿಗೆ ಹೋದಾನು?

ಶನಿವಾರ ಸ್ಕೋಕಿಯಿಂದ ಅನಸೂಯಳ ತಂಗಿ ನಿರುಪಮಾ ಗಂಡ ಸತ್ಯನಾರಾಯಣನೊಂದಿಗೆ ಬಂದಳು. ಅವರ ಕಾರು ಡ್ರೈವ್‌ವೇಯಲ್ಲಿ ಅವನ ಕಾರಿಗೆ ಅಡ್ಡ ನಿಂತಿತು.

"ಮರಾಕೆಶ್‌ನಿಂದ ನಂಗೂ ಫೋನ್ ಮಾಡಿದ್ಲು, ಭಾವ," ಎಂದಳು ನಿರುಪಮಾ. "ಅದಾದ್ಮೇಲೆ ನಿಮ್ಗೆ ಮಾಡಿದ್ಲಾ?"

ಈ ಪ್ರಶ್ನೆಗೆ ಉತ್ತರ ಎಂದೋ ಸಿದ್ಧವಾಗಿತ್ತು. ಮರಾಕೆಶ್‌ನಿಂದ ಮುಂದಕ್ಕೆ, ಜನ ಮುಳುಗಿ ಕಾಣೆಯಾಗಬಹುದಾದ ಒಂದು ಊರನ್ನು ಅವನು ನಕ್ಷೆ ನೋಡಿಯೇ ಆರಿಸಿದ್ದ. "ಅಗಾದಿರ್‌ನಿಂದ ಮಾಡಿದ್ಲು. ಸಮುದ್ರಕ್ಕೆ ಇಳೀತೀನಿ ಅಂದ್ಲು. ಬೇಡ ಅಂದೆ. ನನ್ನ ಮಾತು ಯಾವತ್ತು ಕೇಳಿದ್ಲು, ಹೇಳು."

"ಅಲ್ಲಿಗೆ ಹೇಗೆ ಹೋದ್ಲಂತೆ?"

"ರೈಲಲ್ಲೇ. ಕಿಟಕಿ ಪಕ್ಕ ಕೂತಿದ್ಲಂತೆ, ದೂರದಿಂದಲೇ ಸಮುದ್ರ ಕಾಣ್ತಂತೆ."

"ಪೊಲೀಸ್ನೋರಿಗೂ ಹಾಗೇ ಹೇಳಿದೀರಾ?"

"ಹೇಳಿ, ಸೈನೂ ಮಾಡಿದೀನಿ."

ನಿರುಪಮಾ ಗಂಡನ ಕಡೆ ನೋಡಿದಳು. ಸತ್ಯನಾರಾಯಣ ಎದ್ದು ಫೋನಿನ ಹತ್ತಿರ ಹೋದ. "ಅಕ್ಕ ಕೊನೇ ಸಲ ಫೋನ್ ಮಾಡ್ದಾಗ ಬೇಜಾರು ಮಾಡ್ಕೊಂಡಿದ್ದೇ ಅದಕ್ಕೆ, ಭಾವ," ಎಂದಳು ಅವಳು. "ಮರಾಕೆಶ್‌ನಿಂದ ಮುಂದಕ್ಕೆ ಹಳೀನೇ ಇಲ್ಲ. ಅಗಾದಿರ್‌ಗೆ ರೈಲೇ ಹೋಗಲ್ಲ."